33 ವಾರ ಆದ್ರೂ ಮಗು ತಲೆ ಕೆಳಗೆ ಬಂದಿಲ್ಲ, ಮನೇಲಿ ನನ್ನನ್ನೇ ಬೈತಿದಾರೆ. ಬ್ರೀಚ್ ಯಾಕೆ ಆಗುತ್ತೆ?

ಹರಿಹರದ ಸೊಸೆ:
ಎಲ್ಲಾರಿಗೂ ನಮಸ್ಕಾರ್ರಿ. ನಂದು ಚೊಚ್ಚಲು, ಈಗ 33 ವಾರ ನಡೀತಾ ಐತಿ. ಸ್ಕ್ಯಾನಿಂಗ್ ಮಾಡ್ಸಿದಾಗ ರಿಪೋರ್ಟ್‌ನಾಗೆ ಬ್ರೀಚ್ ಅಂತ, ಅಂದ್ರೆ ತಲೆ ಮೇಲೆ, ಕುಂಡಿ ಇಲ್ಲಾ ಕಾಲು ಕೆಳಗೆ ಐತಿ ಅಂತ ಬರ್ದಿದ್ರು, ಡಾಕ್ಟ್ರು ಇನ್ನೂ ಟೈಮ್ ಐತಿ ತಿರುಗ್ತದೆ ಬಿಡಮ್ಮ ಅಂದು ಕಳ್ಸಿದ್ರು, ಹೊರಗೆ ಜನ ಬಾಳ ಕುಂತಿದ್ರು ನನಗೂ ಜಾಸ್ತಿ ಕೇಳಕ್ಕೆ ಆಗ್ಲಿಲ್ಲ. ಮನೆಗೆ ಬಂದು ಹೇಳಿದ್ದೇ ತಡ ಶುರುವಾತು ನೋಡ್ರಿ. ನಮ್ಮತ್ತೆ ಹೇಳೋದು, ಮಗ್ಗುಲು ಬದಲಿಸುವಾಗ ಎದ್ದು ಕುಂತು ತಿರುಗು ಅಂತ ಎಷ್ಟು ಬಡ್ಕಂಡೆ, ಮಲಗಿದಲ್ಲೇ ಹೊಳ್ಳಿದಿ, ಅದ್ಕೇ ಕೂಸು ಉಲ್ಟಾ ಆತು ಅಂತ. ಚಿಕ್ಕತ್ತೆ ಬಂದು ನೀರಿನ ಕೊಡ ಎತ್ತಿದ್ದಕ್ಕೆ ಅಂದ್ರು. ಪಕ್ಕದ ಮನೆಯವ್ರು ಎಮ್ಮೆ ಕಟ್ಟಿದ ಹಗ್ಗ ದಾಟಿದ್ಲು ನಾನೇ ನೋಡೀನಿ ಅಂತಾರೆ. ನಾನು ಏಳನೇ ತಿಂಗಳ ತನಕ ದಿನಾ ದಾವಣಗೆರೆಗೆ ಬಸ್ಸಲ್ಲಿ ಕೆಲ್ಸಕ್ಕೆ ಹೋಗಿ ಬಂದೀನಿ, ಈಗ ಅದೂ ಲೆಕ್ಕಕ್ಕೆ ಬಂತು.

ಕುಬಸ ಮುಗಿಸಿ ತವರಿಗೆ ಕಳಿಸೋದ್ರೊಳಗೆ ಊರಾಗೆ ಒಬ್ಬಜ್ಜಿ ಹತ್ರ ಕರ್ಕೊಂಡು ಹೋಗಿ ಹರಳೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸಿ ಮಗು ತಿರುಗಿಸ್ತೀವಿ ಅಂತಿದಾರೆ, ನನಗೆ ಅದ್ಕೇ ಭಯ. ನಮ್ಮೆಜಮಾನ್ರು ಈ ವಿಷಯಕ್ಕೆ ಬಾಯೇ ಬಿಡ್ತಿಲ್ಲ. ಅವ್ರೂ ಕಾಲು ಮುಂದಾಗೇ ಹುಟ್ಟಿದ್ದಂತೆ, ಅದಕ್ಕೇ ಓಣಿಯಾಗೆ ಯಾರಿಗಾದ್ರೂ ಸೊಂಟ ಹಿಡ್ಕಂಡ್ರೆ ಇವ್ರನ್ನ ಕರ್ಸಿ ಬೆನ್ನು ತುಳಿಸ್ಕಂತಾರೆ. ಅದಿರ್ಲಿ. ನಾನು ಕೇಳೋದು ಇಷ್ಟೇ, ನಾನು ಮಾಡಿದ್ದರಿಂದ ಹಿಂಗಾತಾ? ನಿಜವಾಗ್ಲೂ ಕೆಲವು ಮಕ್ಕಳು ಯಾಕೆ ಹಿಂಗೆ ಕೂತ್ಕಂತವೆ? ಗೊತ್ತಿದ್ದವ್ರು ಹೇಳ್ರಿ.

ಚನ್ನಗಿರಿ ತೋಟದಮನೆ:
ಅಳಬೇಡ ತಂಗಿ. ನಂಗೂ ಹಿಂಗೇ ಎಲ್ಲಾ ಅಂದ್ರು. ರಾತ್ರಿ ಬರೀತೀನಿ ಮಕ್ಕಳು ಮಲಗಲಿ.

ಹೊನ್ನಾಳಿ ಅಮ್ಮು:
33 ವಾರಕ್ಕೆ ನಂದೂ ಬ್ರೀಚೇ ಇತ್ತು, 35ಕ್ಕೆ ನೋಡಿದ್ರೆ ತಾನೇ ತಿರುಗಿತ್ತು. ನಂಗೆ ಗೊತ್ತೂ ಆಗ್ಲಿಲ್ಲ ಯಾವಾಗ ತಿರುಗ್ತು ಅಂತ.

ದುರ್ಗದ ನರ್ಸಕ್ಕ:
ಚಿತ್ರದುರ್ಗದಲ್ಲಿ ಲೇಬರ್ ವಾರ್ಡಲ್ಲಿ ಕೆಲ್ಸ ಮಾಡೋಳು ನಾನು, ಸ್ವಲ್ಪ ಉದ್ದ ಆಗುತ್ತೆ ಓದು. ಮೊದಲು ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ಮಗ್ಗುಲು ತಿರುಗಿದ್ದಕ್ಕೆ, ಕೊಡ ಎತ್ತಿದ್ದಕ್ಕೆ, ಹಗ್ಗ ದಾಟಿದ್ದಕ್ಕೆ, ಬಸ್ಸಲ್ಲಿ ಓಡಾಡಿದ್ದಕ್ಕೆ ಮಗು ಬ್ರೀಚ್ ಆಗಲ್ಲ. ಇದನ್ನ ನಿಮ್ಮತ್ತೆಗೆ ನನ್ನ ಹೆಸರು ಹೇಳೇ ಓದಿ ಹೇಳು ಬೇಕಾದ್ರೆ.

ಈಗ ಯಾಕೆ ಅಂತ. ಆರೇಳು ತಿಂಗಳ ತನಕ ಮಗು ಚಿಕ್ಕದು, ಸುತ್ತ ನೀರು ಜಾಸ್ತಿ, ಅದು ಹೆಂಗೆ ಬೇಕೋ ಹಂಗೆ ಪಲ್ಟಿ ಹೊಡೀತಾ ಇರುತ್ತೆ. 28 ವಾರದಲ್ಲಿ ಸ್ಕ್ಯಾನ್ ಮಾಡಿದ್ರೆ ನಾಲ್ಕೈದು ಮಕ್ಕಳಲ್ಲಿ ಒಂದು ಬ್ರೀಚೇ ಸಿಗುತ್ತೆ. ಅದೇ ದಿನ ತುಂಬೋ ಹೊತ್ತಿಗೆ 100ಕ್ಕೆ 3 ಇಲ್ಲಾ 4 ಮಾತ್ರ ಉಳಿಯುತ್ತೆ. ಅಂದ್ರೆ ಬಹಳಷ್ಟು ತಾವೇ ತಿರುಗ್ತವೆ, ಯಾರೂ ತಿರುಗಿಸಿರಲ್ಲ. ತಿರುಗೋಕೆ ಕಾರಣ ಜಾಗ. ಗರ್ಭಕೋಶ ಮೇಲ್ಗಡೆ ಅಗಲ, ಕೆಳಗಡೆ ಸಣ್ಣ, ಪೇರಲೆ ಹಣ್ಣನ್ನ ತೊಟ್ಟು ಕೆಳಗೆ ಮಾಡಿ ಹಿಡಿದ್ರೆ ಹೆಂಗಿರುತ್ತೋ ಹಂಗೆ. ಮಗು ಮಂಡಿ ಮಡಚಿ ಕೂತಾಗ ಕುಂಡಿ ಮತ್ತೆ ಕಾಲು ಎರಡೂ ಸೇರಿ ತಲೆಗಿಂತ ಜಾಸ್ತಿ ಜಾಗ ಹಿಡಿಯುತ್ತೆ, ಅದಕ್ಕೆ ಅಗಲ ಇರೋ ಮೇಲ್ಗಡೆಗೆ ಕಾಲು ಹೋಗಿ ತಲೆ ಕೆಳಗೆ ಬಂದು ಸೆಟ್ ಆಗುತ್ತೆ. ಕಾಲಲ್ಲಿ ಒದ್ದು ಒದ್ದು ತಾನೇ ಜಾಗ ಹುಡುಕ್ಕೊಳ್ಳುತ್ತೆ ಅದು.

ಈ ಲೆಕ್ಕ ಎಲ್ಲಿ ತಪ್ಪುತ್ತೋ ಅಲ್ಲಿ ಬ್ರೀಚ್. ಕೆಲವು ಮಕ್ಕಳು ಕಾಲನ್ನ ನೇರ ಮೇಲೆ ಚಾಚ್ಕೊಂಡು ಪಾದ ಮುಖದ ಹತ್ರ ಇಟ್ಕೊಂಡಿರ್ತವೆ, ಇದನ್ನ ಫ್ರಾಂಕ್ ಬ್ರೀಚ್ ಅಂತಾರೆ, ದಿನ ತುಂಬಿದ ಬ್ರೀಚ್‌ನಲ್ಲಿ ಇದೇ ಜಾಸ್ತಿ. ಕಾಲು ಹಂಗೆ ನೆಟ್ಟಗೆ ಇದ್ರೆ ಬೆನ್ನು ಬಗ್ಗಿಸೋಕೂ ಆಗಲ್ಲ, ಗರ್ಭಕೋಶದ ಗೋಡೆಗೆ ಒದ್ದು ತಿರುಗೋಕೂ ಆಗಲ್ಲ. ಮತ್ತೆ ಮಗು ಸುತ್ತ ನೀರು ಕಮ್ಮಿ ಇದ್ರೆ ತಿರುಗೋಕೆ ಆಗದೆ ಇದ್ದಲ್ಲೇ ಉಳಿಯುತ್ತೆ, ನೀರು ತುಂಬಾ ಜಾಸ್ತಿ ಇದ್ರೆ ಒಂದು ಕಡೆ ನಿಲ್ಲದೆ ಆ ಕಡೆ ಈ ಕಡೆ ತೇಲ್ತಾನೇ ಇರುತ್ತೆ. ಮಾಸು ಕೆಳಗಡೆ ಗರ್ಭಕೋಶದ ಬಾಯಿ ಹತ್ರ ಕೂತಿದ್ರೆ ತಲೆ ಇಳಿಯೋಕೆ ಜಾಗ ಇರಲ್ಲ, ಮೇಲೆ ಮೂಲೇಲಿ ಕೂತಿದ್ರೆ ಕಾಲಿನ ಜಾಗ ಕಮ್ಮಿ ಆಗುತ್ತೆ. ಫೈಬ್ರಾಯ್ಡ್ ಗಡ್ಡೆ, ಗರ್ಭಕೋಶದ ಒಳಗೆ ಅಡ್ಡಗೋಡೆ, ಅವಳಿ ಮಕ್ಕಳು, ಹೊಕ್ಕಳ ಬಳ್ಳಿ ಗಿಡ್ಡ ಇರೋದು ಇವೂ ಕಾರಣನೇ. ದಿನ ತುಂಬೋಕೆ ಮುಂಚೆನೇ ಹೆರಿಗೆ ಆದ್ರೆ ಮಗುಗೆ ತಿರುಗೋಕೆ ಟೈಮೇ ಸಿಕ್ಕಿರಲ್ಲ, ಅದಕ್ಕೆ ತಿಂಗಳು ತುಂಬದ ಮಕ್ಕಳಲ್ಲಿ ಬ್ರೀಚ್ ಜಾಸ್ತಿ. ತುಂಬಾ ಅಪರೂಪಕ್ಕೆ ಮಗುವಲ್ಲೇ ಏನಾದ್ರೂ ತೊಂದರೆ ಇರಬಹುದು, ತಲೇಲಿ ನೀರು ತುಂಬೋದು ಅಂತದ್ದು, ಅದನ್ನ ಐದನೇ ತಿಂಗಳ ಅನಾಮಲಿ ಸ್ಕ್ಯಾನಲ್ಲಿ ನೋಡಿರ್ತಾರೆ, ನಿಂದು ನಾರ್ಮಲ್ ಬಂದಿದ್ರೆ ಆ ಯೋಚ್ನೆ ಬೇಡ.

ಎಷ್ಟೋ ಕೇಸಲ್ಲಿ ಇದ್ಯಾವ್ದೂ ಇರಲ್ಲ. ಎಲ್ಲಾ ಸರಿ ಇದ್ದು ಮಗು ಸುಮ್ನೆ ಹಂಗೆ ಕೂತಿರುತ್ತೆ.

ಇನ್ನೊಂದು, ಹೊಟ್ಟೆ ತಿಕ್ಕಿಸೋಕೆ ಮಾತ್ರ ಯಾವ ಕಾರಣಕ್ಕೂ ಹೋಗ್ಬೇಡ. ಮಾಸು ಎಲ್ಲಿದೆ ಅಂತ ಆ ಅಜ್ಜಿಗೆ ಕಾಣಲ್ಲ, ಬಲವಾಗಿ ಒತ್ತಿದ್ರೆ ಮಾಸು ಗೋಡೆಯಿಂದ ಬಿಟ್ಕೊಂಡು ಒಳಗೇ ರಕ್ತ ಹೋಗಬಹುದು, ಅಲ್ಲಿ ಮಗುವಿನ ಎದೆಬಡಿತ ನೋಡೋಕೂ ಯಾರೂ ಇರಲ್ಲ. ಇದನ್ನ ನಾನು ಜೋರಾಗೇ ಹೇಳ್ತೀನಿ.

ಹಿರಿಯೂರಿನ ಮೊಮ್ಮಗಳು:
ನರ್ಸಕ್ಕ ಹೇಳಿದ್ದು ಒಪ್ತೀನಿ ಆದ್ರೆ ಹಳೇ ಕಾಲದವ್ರನ್ನ ಪೂರ್ತಿ ತಳ್ಳಿಹಾಕೋದು ನಂಗೆ ಇಷ್ಟ ಆಗಲ್ಲ. ನಮ್ಮಜ್ಜಿ ಊರಲ್ಲಿ ಹೆರಿಗೆ ಮಾಡಿಸ್ತಿದ್ರು, ಹೊಟ್ಟೆ ಮೇಲೆ ಕೈಯಿಟ್ಟು ತಲೆ ಎಲ್ಲಿದೆ ಕಾಲೆಲ್ಲಿದೆ ಹೇಳ್ತಿದ್ರು. ನಮ್ಮ ಪಕ್ಕದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಿದ್ದು ಸುಮ್ನೆ ಅಲ್ವಲ್ಲ. ಆ ಕೈಗಳಲ್ಲಿ ವಿದ್ಯೆ ಇತ್ತು.

ದುರ್ಗದ ನರ್ಸಕ್ಕ:
ಖಂಡಿತ ಇತ್ತು ಕಣಮ್ಮ, ನಾನು ಇಲ್ಲ ಅನ್ನಲ್ಲ. ನಾವೂ ಮೊದಲು ಕೈಯಲ್ಲೇ ನೋಡೋದು. ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಗುಂಡಗೆ ಏನಾದ್ರೂ ಸಿಕ್ಕಿ ಅದು ಈ ಕಡೆ ಆ ಕಡೆ ಅಲ್ಲಾಡಿದ್ರೆ ಅದು ತಲೆ, ಅಂದ್ರೆ ಬ್ರೀಚ್. ಎದೆಬಡಿತ ಹೊಕ್ಕಳಿನ ಮೇಲ್ಗಡೆ ಕೇಳುತ್ತೆ. ಅಮ್ಮಂದಿರೂ ಹೇಳ್ತಾರೆ, ಒದೆಯೋದೆಲ್ಲ ಕೆಳಗೆ ಉಚ್ಚೆ ಚೀಲದ ಹತ್ರ ಗೊತ್ತಾಗುತ್ತೆ, ಮೇಲೆ ಎದೆಗೂಡಿಗೆ ಒತ್ತಿದಂಗಾಗುತ್ತೆ ಅಂತ. ಮುಟ್ಟಿ ತಿಳ್ಕೊಳ್ಳೋದು ಬೇರೆ, ಒತ್ತಿ ತಿರುಗಿಸೋದು ಬೇರೆ. ನಾನು ಬೇಡ ಅಂದಿದ್ದು ಎರಡನೇದಕ್ಕೆ. ಹಳೇ ಕಾಲದ ಹೆರಿಗೇಲಿ ಉಳಿದ ಮಕ್ಕಳ ಕತೆ ಮಾತ್ರ ನಮಗೆ ಕೇಳ್ಸುತ್ತೆ, ಉಳೀದೇ ಇದ್ದವರ ಕತೆ ಮನೆಯವ್ರು ಯಾರ ಹತ್ರನೂ ಹೇಳ್ತಿರಲಿಲ್ಲ.

ಹಿರಿಯೂರಿನ ಮೊಮ್ಮಗಳು:
ಅದು ಹೌದು ಅಕ್ಕ. ನಮ್ಮಜ್ಜಿನೂ ಕಾಲು ಮುಂದೆ ಬರೋ ಹೆರಿಗೆ ಅಂದ್ರೆ ದೇವ್ರಿಗೆ ಕಾಯಿ ಕಟ್ಟಿ ಹೋಗ್ತಿದ್ರು ಅಂತ ಅಮ್ಮ ಹೇಳಿದ್ದು.

ಚನ್ನಗಿರಿ ತೋಟದಮನೆ:
ಈಗ ಬರೀತೀನಿ. ನಂದು ಮೊದಲನೇ ಮಗು ಕೊನೆವರೆಗೂ ತಿರುಗ್ಲಿಲ್ಲ. ಅಡಿಕೆ ಕೊಯ್ಲಿನ ಟೈಮಲ್ಲಿ ಬಗ್ಗಿ ಎದ್ದು ಕೆಲ್ಸ ಮಾಡಿದ್ದಕ್ಕೆ ಅಂತ ಮನೇಲೆಲ್ಲ ತೀರ್ಮಾನ ಆಗಿತ್ತು, ನಾನೂ ಹಂಗೇ ನಂಬಿದ್ದೆ. ಸಿಸೇರಿಯನ್ ಮಾಡುವಾಗ ಡಾಕ್ಟ್ರು ನೋಡಿ ಹೇಳಿದ್ರು, ಗರ್ಭಕೋಶ ಮೇಲ್ಗಡೆ ಎರಡು ಭಾಗ ಆಗಿದೆ ಹುಟ್ಟಿನಿಂದಲೇ, ಮಗುಗೆ ಆ ಒಂದು ಕಡೆ ಬಿಟ್ರೆ ಜಾಗನೇ ಇರ್ಲಿಲ್ಲ ಅಂತ. ಬೈಕಾರ್ನ್ಯುಯೇಟ್ ಅಂತ ಡಿಸ್ಚಾರ್ಜ್ ಶೀಟಲ್ಲಿ ಬರ್ಕೊಟ್ಟಿದಾರೆ. ನಾನು ನನ್ನವ್ವನ ಹೊಟ್ಟೇಲಿ ಇದ್ದಾಗಲೇ ಆಗಿದ್ದು ಅದು, ಅಡಿಕೆ ಕೊಯ್ಲಿಗೂ ಅದಕ್ಕೂ ಏನು ಸಂಬಂಧ ಹೇಳಿ. ಆ ಎರಡು ತಿಂಗಳು ನಾನು ಅಳ್ತಾ ಕಳೆದಿದ್ದು ಇವತ್ತಿಗೂ ಮನಸಲ್ಲಿದೆ. ಹೊತ್ತಿಗೆ ಸರಿಯಾಗಿ ಯಾರಾದ್ರೂ ಒಬ್ರು ನಿನ್ನದೇನೂ ತಪ್ಪಿಲ್ಲ ಅಂದಿದ್ರೆ ಸಾಕಿತ್ತು. ಅದಕ್ಕೆ ನಿಂಗೆ ಹೇಳ್ತಿದೀನಿ ತಂಗಿ, ನಿನ್ನದೇನೂ ತಪ್ಪಿಲ್ಲ.

ಜಗಳೂರು ಮೇಷ್ಟ್ರು:
ಇಲ್ಲಿ ಗಂಡಸರು ಬರೀಬಹುದು ಅಂದ್ಕೊಂಡು ಬರೀತಿದೀನಿ. ನನ್ನ ಹೆಂಡತಿಗೂ ಎರಡನೇ ಮಗು ಬ್ರೀಚ್ ಅಂತ ಆಪರೇಷನ್ ಆಯ್ತು. ಮೊದಲನೇದು ನಾರ್ಮಲ್ ಆಗಿದ್ದಕ್ಕೆ ನಾವು ನಾರ್ಮಲ್ಲೇ ಕೇಳಿದ್ವಿ, ಡಾಕ್ಟರ್ ಕಡ್ಡಿ ಮುರಿದಂಗೆ ಆಗಲ್ಲ ಅಂದ್ರು, ವಿವರ ಹೇಳ್ಲಿಲ್ಲ. ನಮ್ಮ ತಾಯಿ ಕಾಲದಲ್ಲಿ ಮನೇಲೇ ಆಗ್ತಿತ್ತು ಈಗ ಯಾಕೆ ಎಲ್ಲಾದಕ್ಕೂ ಆಪರೇಷನ್ ಅನ್ನೋದು ಇವತ್ತಿಗೂ ನನ್ನ ತಲೇಲಿ ಉಳಿದಿದೆ. ದುಡ್ಡಿಗೆ ಅಂತ ಸುಲಭವಾಗಿ ಹೇಳೋಕೆ ನನಗೆ ಮನಸ್ಸಿಲ್ಲ, ಗೊತ್ತಿದ್ದವ್ರು ತಿಳಿಸಿದ್ರೆ ಉಪಕಾರ.

ಓಬಿಜಿ ಪಿಜಿ ದಾವಣಗೆರೆ:
ಮೇಷ್ಟ್ರೇ, ಒಳ್ಳೇ ಪ್ರಶ್ನೆ, ನಾನು ಹೆರಿಗೆ ವಿಭಾಗದಲ್ಲಿ ಪಿಜಿ ಓದ್ತಿರೋ ಡಾಕ್ಟ್ರು, ಡ್ಯೂಟಿ ಮುಗಿಸಿ ಬಂದು ಬರೀತಿದೀನಿ. ತಲೆ ಮೊದಲು ಬರೋ ಹೆರಿಗೇಲಿ ಮಗುವಿನ ಅತಿ ದೊಡ್ಡ ಗಟ್ಟಿ ಭಾಗ ಮುಂದೆ ದಾರಿ ಮಾಡ್ಕೊಂಡು ಬರುತ್ತೆ, ಅದು ಬಂದ್ರೆ ಮಿಕ್ಕಿದ್ದು ಬಂದೇ ಬರುತ್ತೆ. ಬ್ರೀಚಲ್ಲಿ ಕುಂಡಿ, ಕಾಲು, ಎದೆ ಎಲ್ಲಾ ಬಂದು ಕೊನೇಲಿ ತಲೆ. ತಲೆ ಸಿಕ್ಕಾಕೊಂಡ್ರೆ ಆ ಹೊತ್ತಲ್ಲಿ ಹೊಕ್ಕಳ ಬಳ್ಳಿ ಒತ್ತಿ ಹೋಗಿರುತ್ತೆ, ನಮ್ಮ ಕೈಲಿ ಇರೋದು ಕೆಲವೇ ನಿಮಿಷ. ಪಾದ ಕೆಳಗಿರೋ ಫುಟ್ಲಿಂಗ್ ಅಂತೂ ಇನ್ನೂ ಕಷ್ಟ, ಬಾಯಿ ಪೂರ್ತಿ ತೆರೆಯೋಕೆ ಮುಂಚೆನೇ ಕಾಲು ಜಾರಿ ಬಂದ್ಬಿಡುತ್ತೆ.

2000ನೇ ಇಸವೀಲಿ ಟರ್ಮ್ ಬ್ರೀಚ್ ಟ್ರಯಲ್ ಅಂತ ಒಂದು ದೊಡ್ಡ ಅಧ್ಯಯನ ಲ್ಯಾನ್ಸೆಟ್ ಪತ್ರಿಕೇಲಿ ಬಂತು, 26 ದೇಶ, 2088 ತಾಯಂದಿರು. ಮಗು ತೀರಿಕೊಳ್ಳೋದು ಅಥವಾ ಗಂಭೀರ ತೊಂದರೆ ಆಗೋದು ಪ್ಲಾನ್ ಮಾಡಿ ಸಿಸೇರಿಯನ್ ಮಾಡಿದ ಗುಂಪಲ್ಲಿ 1.6%, ನಾರ್ಮಲ್‌ಗೆ ಬಿಟ್ಟ ಗುಂಪಲ್ಲಿ 5%. ಆ ಒಂದು ಪೇಪರ್ ಬಂದ ಮೇಲೆ ಪ್ರಪಂಚದಲ್ಲೆಲ್ಲಾ ಬ್ರೀಚ್ ಅಂದ್ರೆ ಸಿಸೇರಿಯನ್ ಅನ್ನೋ ಹಂಗಾಯ್ತು. ಆಮೇಲೆ ಅದೇ ಮಕ್ಕಳನ್ನ 2 ವರ್ಷ ಆದಾಗ ನೋಡಿದ್ರೆ ಎರಡು ಗುಂಪಿಗೂ ಅಂತ ವ್ಯತ್ಯಾಸ ಕಾಣ್ಲಿಲ್ಲ. 2006ರಲ್ಲಿ ಫ್ರಾನ್ಸ್ ಬೆಲ್ಜಿಯಂ ಸೇರಿ ಮಾಡಿದ ಪ್ರೆಮೋಡಾ ಅಧ್ಯಯನದಲ್ಲಿ 8105 ಜನ ಇದ್ರು, ಸರಿಯಾಗಿ ಆರಿಸಿ, ಅನುಭವ ಇರೋ ಡಾಕ್ಟ್ರು ಮಾಡಿಸಿದ್ರೆ ಬ್ರೀಚ್ ನಾರ್ಮಲ್ ಹೆರಿಗೇಲೂ ಅಪಾಯ ಅಷ್ಟೇನೂ ಹೆಚ್ಚಿಲ್ಲ ಅಂತ ಬಂತು. ಆದ್ರೆ ಅಷ್ಟೊತ್ತಿಗೆ ಎಷ್ಟೋ ಕಡೆ ಬ್ರೀಚ್ ಹೆರಿಗೆ ಮಾಡಿಸೋ ಕೈಯೇ ಕಮ್ಮಿ ಆಗಿಹೋಗಿತ್ತು. ಇಂಗ್ಲೆಂಡಿನ ಹೆರಿಗೆ ಡಾಕ್ಟ್ರ ಸಂಸ್ಥೆ ಆರ್‌ಸಿಓಜಿ ಗೈಡ್‌ಲೈನ್ ಪ್ರಕಾರ ಮಗು ತೀರಿಕೊಳ್ಳೋ ಸಂಭವ ಪ್ಲಾನ್ ಮಾಡಿದ ಬ್ರೀಚ್ ನಾರ್ಮಲ್‌ನಲ್ಲಿ 1000ಕ್ಕೆ 2, ತಲೆ ಕೆಳಗಿರೋ ನಾರ್ಮಲ್‌ನಲ್ಲಿ 1000ಕ್ಕೆ 1, 39 ವಾರ ಆದ ಮೇಲಿನ ಸಿಸೇರಿಯನ್‌ನಲ್ಲಿ 1000ಕ್ಕೆ 0.5. ನಂಬರ್ ಎಲ್ಲಾ ಚಿಕ್ಕದೇ, ಆದ್ರೆ ಅದು ಎಲ್ಲಾ ಸೌಲಭ್ಯ, ಅನುಭವ ಇರೋ ಕಡೆಯ ಲೆಕ್ಕ. ರಾತ್ರಿ 2 ಗಂಟೆಗೆ ನುರಿತವರು ಯಾರೂ ಇಲ್ಲದ ಕಡೆ ಅದೇ ಲೆಕ್ಕ ಹಿಡಿಯೋಕಾಗಲ್ಲ. ನಿಮ್ಮ ಡಾಕ್ಟರ್ ಇದನ್ನ ಕೂರಿಸಿ ಹೇಳ್ಬೇಕಿತ್ತು, ಅದು ನಿಮ್ಮ ಹಕ್ಕು.

ಜಗಳೂರು ಮೇಷ್ಟ್ರು:
ತುಂಬಾ ಧನ್ಯವಾದ ಡಾಕ್ಟ್ರೇ. ಇಷ್ಟು ವರ್ಷದ ಮೇಲೆ ಈಗ ಅರ್ಥ ಆಯ್ತು. ಹೆಂಡತಿಗೂ ಓದಿ ಹೇಳಿದೆ.

ಹರಿಹರದ ಸೊಸೆ:
ಎಲ್ಲಾರದ್ದೂ ಓದಿದೆ, ಚನ್ನಗಿರಿ ಅಕ್ಕಂದು ಓದಿ ಕಣ್ಣಾಗೆ ನೀರು ಬಂತು. ನನ್ನ ರಿಪೋರ್ಟ್ ತಗದು ನೋಡಿದೆ, ಮಾಸು ಮೇಲೇ ಐತಿ, ನೀರು ನಾರ್ಮಲ್ ಅಂತ ಬರ್ದೈತಿ, ಗಡ್ಡೆ ಏನೂ ಇಲ್ಲ. ಹಂಗಾದ್ರೆ ನಂದು ಕಾರಣ ಇಲ್ಲದ್ದು ಅಂತಾನಾ? 36 ವಾರಕ್ಕೂ ತಿರುಗ್ಲಿಲ್ಲ ಅಂದ್ರೆ ಆಪರೇಷನ್ ಒಂದೇನಾ?

ಓಬಿಜಿ ಪಿಜಿ ದಾವಣಗೆರೆ:
ಒಂದು ವಿಷಯ ನೀವು ಮೊದಲ ಪೋಸ್ಟಲ್ಲೇ ಬರೆದಿದ್ರಿ, ಅದಿರ್ಲಿ ಅಂತ ಮುಂದೆ ಹೋಗ್ಬಿಟ್ರಿ. ನಿಮ್ಮ ಯಜಮಾನ್ರು ಬ್ರೀಚ್ ಆಗಿ ಹುಟ್ಟಿದವ್ರು. ನಾರ್ವೆ ದೇಶದಲ್ಲಿ 1967ರಿಂದ ಎಲ್ಲಾ ಹೆರಿಗೆ ದಾಖಲೆ ಇಟ್ಟಿದಾರೆ, ಅದನ್ನ ತಲೆಮಾರಿಂದ ತಲೆಮಾರಿಗೆ ಜೋಡಿಸಿ ನೋಡಿದ ಅಧ್ಯಯನ 2008ರಲ್ಲಿ ಬಿಎಂಜೆ ಪತ್ರಿಕೇಲಿ ಬಂತು. ಅಪ್ಪ ಅಥವಾ ಅಮ್ಮ ಬ್ರೀಚ್ ಆಗಿ ಹುಟ್ಟಿದ್ರೆ ಅವರ ಮೊದಲ ಮಗು ಬ್ರೀಚ್ ಆಗೋ ಸಂಭವ ಬೇರೆಯವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಮುಖ್ಯವಾದದ್ದು ಏನಂದ್ರೆ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಷ್ಟೇ ಬರುತ್ತೆ. ಅಮ್ಮನಿಂದ ಅಂದ್ರೆ ಗರ್ಭಕೋಶದ ಆಕಾರ ಅನ್ನಬಹುದು, ಅಪ್ಪನಿಂದ ಬರೋದು ಮಗುವಿನ ವಂಶವಾಹಿಯಲ್ಲೇ ಬರ್ಬೇಕು, ಅಂದ್ರೆ ಮಗು ತಾನು ಹೆಂಗೆ ಕೂರುತ್ತೆ ಅನ್ನೋದ್ರಲ್ಲಿ ಅದರದ್ದೇ ಪಾಲಿದೆ. ಹಂಗಂತ ನಿಮ್ಮ ಕೇಸಲ್ಲಿ ಇದೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ, ಮತ್ತೆ ಇದರಲ್ಲಿ ಯಜಮಾನ್ರ ತಪ್ಪೂ ಇಲ್ಲ, ಅವರ ತಾಯಿ ತಪ್ಪಂತೂ ಮೊದಲೇ ಇಲ್ಲ.

ಹರಿಹರದ ಸೊಸೆ:
ಹೌದಾ!! ಇದು ಗೊತ್ತೇ ಇರ್ಲಿಲ್ಲ. ಅಂದ್ರೆ ನಮ್ಮತ್ತೆನೂ ಆಗ ಇದನ್ನೇ ಅನುಭವಿಸಿರ್ತಾರಲ್ಲ.

ಚನ್ನಗಿರಿ ತೋಟದಮನೆ:
ಅವ್ರನ್ನ ಕೇಳು ತಂಗಿ. ಆಗ ಅವ್ರಿಗೂ ಯಾರೋ ಹಿಂಗೇ ಅಂದಿರ್ತಾರೆ. ಕೂತು ಸಮಾಧಾನದಲ್ಲಿ ಕೇಳು.

ದುರ್ಗದ ನರ್ಸಕ್ಕ:
ಆಪರೇಷನ್ ಒಂದೇನಾ ಅಂದ್ಯಲ್ಲ, ಅಲ್ಲ. ಈಸಿವಿ ಅಂತ ಇದೆ, ಹೊರಗಿಂದ ಹೊಟ್ಟೆ ಮೇಲೆ ಕೈಯಿಟ್ಟು ಡಾಕ್ಟ್ರೇ ಮಗು ತಿರುಗಿಸೋದು. ಚೊಚ್ಚಲಿಗೆ 36 ವಾರ ಆದ್ಮೇಲೆ, ಮುಂಚೆ ಹೆರಿಗೆ ಆದವ್ರಿಗೆ 37 ಆದ್ಮೇಲೆ. ಮೊದಲು ಸ್ಕ್ಯಾನ್ ಮಾಡಿ ಮಾಸು, ನೀರು, ಬಳ್ಳಿ ನೋಡ್ತಾರೆ, ಎನ್‌ಎಸ್‌ಟಿ ಹಾಕಿ ಮಗುವಿನ ಎದೆಬಡಿತ ನೋಡ್ತಾರೆ, ಗರ್ಭಕೋಶ ಸಡಿಲ ಆಗೋಕೆ ಇಂಜೆಕ್ಷನ್ ಕೊಡ್ತಾರೆ, ಆಮೇಲೆ ನಿಧಾನಕ್ಕೆ ತಿರುಗಿಸ್ತಾರೆ, ತಿರುಗಿಸಿದ ಮೇಲೂ ಎದೆಬಡಿತ ನೋಡ್ತಾರೆ, ಏನಾದ್ರೂ ಆದ್ರೆ ಅಂತ ಪಕ್ಕದಲ್ಲೇ ಆಪರೇಷನ್ ಥಿಯೇಟರ್ ರೆಡಿ ಇರುತ್ತೆ. ಹೆಚ್ಚುಕಮ್ಮಿ ಅರ್ಧ ಜನಕ್ಕೆ ಯಶಸ್ಸು, ಚೊಚ್ಚಲಿಗೆ 100ಕ್ಕೆ 40ರ ಹತ್ರ, ಎರಡನೇದಕ್ಕೆ 60ರ ಹತ್ರ. ತಕ್ಷಣ ಸಿಸೇರಿಯನ್ ಮಾಡ್ಬೇಕಾಗಿ ಬರೋದು 200ರಲ್ಲಿ ಒಬ್ರಿಗೆ. ಮಾಸು ಕೆಳಗಿದ್ರೆ, ಇತ್ತೀಚೆಗೆ ಬ್ಲೀಡಿಂಗ್ ಆಗಿದ್ರೆ, ನೀರು ಹೋಗಿದ್ರೆ, ಅವಳಿ ಇದ್ರೆ ಮಾಡಲ್ಲ. ರಕ್ತದ ಗುಂಪು ನೆಗೆಟಿವ್ ಇದ್ರೆ ಆಂಟಿ ಡಿ ಇಂಜೆಕ್ಷನ್ ಕೊಡ್ಬೇಕು, ತಾಯಿ ಕಾರ್ಡಲ್ಲಿ ನಿನ್ನ ಗುಂಪು ಏನಿದೆ ನೋಡ್ಕೋ.

ಎಲ್ಲಾ ಡಾಕ್ಟ್ರೂ ಇದನ್ನ ಮಾಡಲ್ಲ. ನೀನೇ ಬಾಯಿಬಿಟ್ಟು ಕೇಳು, ಇಲ್ಲಿ ಮಾಡ್ತೀರಾ, ಇಲ್ಲಾಂದ್ರೆ ಎಲ್ಲಿ ಮಾಡ್ತಾರೆ ಅಂತ. ದಾವಣಗೆರೇಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿದಾವೆ, ಅಲ್ಲಿ ವಿಚಾರಿಸು. 36 ವಾರಕ್ಕೆ ಕೇಳಿದ್ರೆ ದಾರಿ ಇರುತ್ತೆ, 39ಕ್ಕೆ ಕೇಳಿದ್ರೆ ಕಷ್ಟ.

ಹೊನ್ನಾಳಿ ಅಮ್ಮು:
ನಮ್ಮಕ್ಕ ಮಂಡಿ ಊರಿ ಎದೆ ನೆಲಕ್ಕೆ ತಾಗಿಸಿ ಕೂರೋ ಎಕ್ಸರ್ಸೈಜ್ ಮಾಡ್ತಿದ್ಲು, ಅದರಿಂದ ತಿರುಗುತ್ತಾ?

ಓಬಿಜಿ ಪಿಜಿ ದಾವಣಗೆರೆ:
ಅದರಿಂದ ತಿರುಗುತ್ತೆ ಅಂತ ಗಟ್ಟಿ ಪುರಾವೆ ಇಲ್ಲ. ಬಿಪಿ ಸರಿ ಇದ್ದು ತಲೆಸುತ್ತು ಬರದಿದ್ರೆ ಮಾಡಬಹುದು, ಆದ್ರೆ ಮಾಡದೇ ಇದ್ದಿದ್ದಕ್ಕೆ ತಿರುಗ್ಲಿಲ್ಲ ಅಂತ ಮತ್ತೆ ಯಾರೂ ಬೈಬಾರದು.

ಚಳ್ಳಕೆರೆ ಆಶಾ:
ನಾನು ಆಶಾ ಕಾರ್ಯಕರ್ತೆ. ಎಲ್ಲಾರೂ ಒಂದು ಮರೆತ್ರಿ. ಬ್ರೀಚ್ ಇರೋರಿಗೆ ನೀರು ಒಡೆದ್ರೆ ನೋವು ಬರ್ಲಿ ಅಂತ ಮನೇಲಿ ಕಾಯಬಾರದು, ಕೂಡ್ಲೇ 108ಕ್ಕೆ ಫೋನ್ ಮಾಡ್ಬೇಕು. ತಲೆ ಕೆಳಗಿದ್ರೆ ಬಾಯಿಗೆ ಮುಚ್ಚಳ ಹಾಕ್ದಂಗೆ ಕೂತಿರುತ್ತೆ, ಕಾಲು ಇದ್ರೆ ಸಂದೀಲಿ ಬಳ್ಳಿ ಜಾರಿ ಹೊರಗೆ ಬರಬಹುದು. ಬಳ್ಳಿ ಕಂಡ್ರೆ ಅಥವಾ ಕೈಗೆ ಸಿಕ್ರೆ ಒಳಗೆ ತಳ್ಳೋಕೆ ಹೋಗಬಾರದು, ಮಂಡಿ ಊರಿ ತಲೆ ಎದೆ ಕೆಳಗೆ ಮಾಡಿ ಸೊಂಟ ಮೇಲೆ ಎತ್ತಿ ಇರ್ಬೇಕು ಆಂಬ್ಯುಲೆನ್ಸ್ ಬರೋವರೆಗೂ. ನಮ್ಮ ಹಟ್ಟಿಗಳಿಂದ ಆಸ್ಪತ್ರೆ ದೂರ, ಅದಕ್ಕೆ ನಾನು ಬ್ರೀಚ್ ಅಂತ ಗೊತ್ತಾದ ಬಸುರಿಯರ ಮನೇಗೆ ಹೋಗಿ ಗಂಡ, ಅತ್ತೆ ಇಬ್ರನ್ನೂ ಕೂರಿಸ್ಕೊಂಡು ಇದನ್ನ ಹೇಳ್ತೀನಿ. ಮತ್ತೆ ಸರ್ಕಾರಿ ಆಸ್ಪತ್ರೇಲಿ ಸಿಸೇರಿಯನ್ ಆದ್ರೂ ದುಡ್ಡು ಕೊಡೋ ಹಂಗಿಲ್ಲ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ಊಟ, ರಕ್ತ ಎಲ್ಲಾ ಫ್ರೀ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೇಲಿ ಬಸುರಿಯರಿಗೆ ಡಾಕ್ಟ್ರು ನೋಡ್ತಾರೆ, ಅವತ್ತು ಹೋಗು.

ಹರಿಹರದ ಸೊಸೆ:
9ಕ್ಕೆ ಹೋಗ್ತೀನಿ ಅಕ್ಕ, ಎಜಮಾನ್ರೂ ಬರ್ತಾರೆ. ಅವ್ರೇ ಕುಂತು ಇದನ್ನೆಲ್ಲ ಪೂರ್ತಿ ಓದಿದ್ರು, ಆಮೇಲೆ ಅವ್ವನ ಹತ್ರ ಹೋಗಿ ಹೊಟ್ಟೆ ತಿಕ್ಕಿಸೋದು ಬ್ಯಾಡ ಅಂತ ಅವ್ರೇ ಹೇಳಿದ್ರು. ಅತ್ತೆ ಹೂಂ ಅಂದಿಲ್ಲ ಆದ್ರೆ ಮತ್ತೆ ಆ ಮಾತು ಎತ್ತಿಲ್ಲ. ಇನ್ನೊಂದು ಕೇಳ್ಬೇಕಿತ್ತು, ಹುಟ್ಟಿದ ಮ್ಯಾಲೆ ಮಗುಗೆ ಏನಾದ್ರೂ ತೊಂದರೆ ಇರುತ್ತಾ?

ಓಬಿಜಿ ಪಿಜಿ ದಾವಣಗೆರೆ:
ಬಹಳಷ್ಟು ಮಕ್ಕಳು ಆರೋಗ್ಯವಾಗೇ ಇರ್ತವೆ. ಕಾಲು ಮೇಲೆ ಚಾಚಿದ್ದ ಮಕ್ಕಳು ಹುಟ್ಟಿದ ಮೇಲೂ ಕೆಲವು ದಿನ ಹಂಗೇ ಕಾಲು ಎತ್ಕೊಂಡಿರ್ತವೆ, ಅದಕ್ಕೆ ಗಾಬರಿ ಬೇಡ. ಸೊಂಟದ ಕೀಲು ಮಾತ್ರ ನೋಡಿಸ್ಲೇಬೇಕು. ಕೊನೇ ವಾರಗಳಲ್ಲಿ ಬ್ರೀಚ್ ಇದ್ದ ಮಕ್ಕಳಲ್ಲಿ ಕೀಲು ಸರಿಯಾಗಿ ಕೂರದೇ ಇರೋದು ಬೇರೆ ಮಕ್ಕಳಿಗಿಂತ ಜಾಸ್ತಿ, ಸಿಸೇರಿಯನ್ ಆದ್ರೂ ಅಷ್ಟೇ, ಕೊನೇಲಿ ತಿರುಗಿದ್ರೂ ಅಷ್ಟೇ. ಹುಟ್ಟಿದಾಗ ಮಕ್ಕಳ ಡಾಕ್ಟ್ರು ಕೈಯಲ್ಲಿ ಪರೀಕ್ಷೆ ಮಾಡ್ತಾರೆ, ಆದ್ರೂ ಸುಮಾರು 6 ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡ್ಸಿ. ಆಗ ಗೊತ್ತಾದ್ರೆ ಬೆಲ್ಟ್ ಹಾಕಿ ಸರಿ ಮಾಡಬಹುದು, ನಡೆಯೋಕೆ ಶುರು ಮಾಡಿ ಕುಂಟಿದಾಗ ಗೊತ್ತಾದ್ರೆ ಆಪರೇಷನ್ನೇ ಬೇಕಾಗಬಹುದು.

ದುರ್ಗದ ನರ್ಸಕ್ಕ:
ಇದಕ್ಕೆ ಸೇರಿಸ್ತೀನಿ. ಎಣ್ಣೆ ನೀರು ಹಾಕಿದ ಮೇಲೆ ಕಾಲು ನೆಟ್ಟಗಾಗ್ಲಿ ಅಂತ ಎರಡೂ ಕಾಲು ಹಿಡಿದು ಎಳೆಯೋದು, ಬಟ್ಟೇಲಿ ಕಾಲು ಜೋಡಿಸಿ ಬಿಗಿಯಾಗಿ ಸುತ್ತೋದು ಮಾಡಬಾರದು, ಬ್ರೀಚ್ ಮಗುಗಂತೂ ಬೇಡವೇ ಬೇಡ. ಮೇಲ್ಗಡೆ ಬೇಕಾದ್ರೆ ಸುತ್ತಲಿ, ಕಾಲು ಮಡಚಿ ಅಗಲ ಮಾಡೋಕೆ ಜಾಗ ಇರ್ಬೇಕು. ಸೊಂಟದ ಮೇಲೆ ಕೂರಿಸ್ಕೊಳ್ಳೋ ವಯಸ್ಸಿಗೆ ಬಂದಾಗ ಹಂಗೇ ಎತ್ಕೊಳ್ಳಿ, ಅದು ಕೀಲಿಗೆ ಒಳ್ಳೇದು.

ಚಳ್ಳಕೆರೆ ಆಶಾ:
ಸ್ಕ್ಯಾನಿಗೆ ದುಡ್ಡಿನ ತೊಂದರೆ ಇದ್ರೆ ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ಆರ್‌ಬಿಎಸ್‌ಕೆ ಟೀಮಿನವರಿಗೆ ಹೇಳಿ, ಸೊಂಟದ ಕೀಲಿನ ಸಮಸ್ಯೆ ಅವರ ಪಟ್ಟೀಲೇ ಇದೆ. ನಿಮ್ಮ ಊರಿನ ಆಶಾಗೆ ಈಗಲೇ ಹೇಳಿಡು, ಮಗು ಹುಟ್ಟಿದ ಮೇಲೆ ಮನೆಗೆ ಬಂದಾಗ ತಾಯಿ ಕಾರ್ಡಲ್ಲಿ ಬ್ರೀಚ್ ಅಂತ ಬರೆದಿರೋದನ್ನ ತೋರ್ಸು.